ಬ್ಲೀಡ್ ಕಿಟ್ ಕೊಳ್ಳುವ ಮುಂಚೆ ಬ್ರೇಕಿನ ಮೇಲಿನ ಅಕ್ಷರ ಓದಿ

ಮಾನ್ಯ ಸಂಪಾದಕರೇ,

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ತಂತಿಯ ಬದಲು ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿನ ಸೈಕಲ್ಲುಗಳು ಈಗ ಅಪರೂಪವಲ್ಲ. ಅವನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಹುಮ್ಮಸ್ಸು ಒಳ್ಳೆಯದು. ಆದರೆ ‘ಎಲ್ಲ ಬ್ರೇಕಿಗೂ ಹೊಂದುತ್ತದೆ’ ಎಂದು ಮಾರುವ ದೊಡ್ಡ ಬ್ಲೀಡ್ ಕಿಟ್ (ಬ್ರೇಕಿನೊಳಗಿನ ಗಾಳಿ ಹೊರತೆಗೆದು ಹೊಸ ಎಣ್ಣೆ ತುಂಬುವ ಸಾಮಾನು) ತರಿಸಿ, ಅದರ ಜೊತೆ ಬಂದ ಎಣ್ಣೆಯನ್ನು ಕಣ್ಣು ಮುಚ್ಚಿ ತುಂಬಿಸಿದರೆ ಬ್ರೇಕೇ ಹೋಗುತ್ತದೆ. ಮಳೆಗಾಲ ಶುರುವಾಗುವ ಮುಂಚೆ ಈ ಬಗ್ಗೆ ಕೆಲವು ಮಾತು ಹೇಳಬೇಕಿದೆ.

ಮೊದಲು ಬ್ರೇಕ್ ಹಿಡಿಯ ಮೇಲಿನ ಎಣ್ಣೆ ಡಬ್ಬಿಯ ಮುಚ್ಚಳವನ್ನೋ, ಚಕ್ರದ ಬಳಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನೋ ಒರೆಸಿ, ಅಲ್ಲಿ ಬರೆದಿರುವುದನ್ನು ಓದಿ. ಶಿಮಾನೊ, ಟೆಕ್ಟ್ರೊ, ಮಗುರಾ ಬ್ರೇಕುಗಳಿಗೆ ಮಿನರಲ್ ಆಯಿಲ್. ಹೋಪ್ ಮತ್ತು ಸ್ರ್ಯಾಮಿನ ಬಹುಪಾಲು ಬ್ರೇಕುಗಳಿಗೆ ಡಾಟ್ ದ್ರವ, ಅಂದರೆ ಕಾರು, ಬೈಕಿನ ಬ್ರೇಕಿಗೂ ಹಾಕುವ ಬ್ರೇಕ್ ಫ್ಲೂಯಿಡ್. ಆದರೆ ಸ್ರ್ಯಾಮಿನ ಡಿಬಿ8, ಮೇವೆನ್‌ನಂಥ ಹೊಸ ಬ್ರೇಕುಗಳು ಮಿನರಲ್ ಆಯಿಲ್‌ನವು. ಹಾಗಾಗಿ ಕಂಪನಿಯ ಹೆಸರೊಂದನ್ನೇ ನಂಬುವಂತಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಹೋದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎಷ್ಟು ತೊಳೆದರೂ ಉಪಯೋಗವಿಲ್ಲ, ಹಿಡಿ ಕ್ಯಾಲಿಪರ್ ಎರಡನ್ನೂ ಬದಲಿಸಬೇಕು.

ಡಾಟ್ 4 ಅಥವಾ 5.1 ಎಂದು ಬರೆದಿದ್ದರೆ ಆಟೊ ಸ್ಪೇರ್ ಅಂಗಡಿಯಲ್ಲಿ ಬೈಕಿಗೆಂದು ಸಿಗುವ ಡಬ್ಬಿಯೇ ಸಾಕು, ಮಾನದಂಡ ಒಂದೇ. ಡಾಟ್ 5 ಮಾತ್ರ ಬೇಡ, ಅದು ಸಿಲಿಕಾನ್ ದ್ರವ. ಇರುವುದರಲ್ಲಿ ಚಿಕ್ಕ ಡಬ್ಬಿಯನ್ನೇ ಕೊಳ್ಳಿ. ಡಾಟ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಲೆನಾಡಿನ ಹವೆಯಲ್ಲಿ ಕೇಳುವುದೇ ಬೇಡ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಹಿಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ದ್ರವ ಕುದಿದರೆ ಆವಿಯ ಗುಳ್ಳೆ ಎದ್ದು, ಹಿಡಿ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ. ಹೋದ ವರ್ಷ ತೆರೆದಿಟ್ಟ ಡಬ್ಬಿಯನ್ನು ಈ ವರ್ಷ ಬಳಸಬೇಡಿ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ ನಿಜ, ಆದರೆ ಒಳಗೆ ಸೇರಿದ ನೀರು ತಳಕ್ಕಿಳಿದು ಕ್ಯಾಲಿಪರಿನಲ್ಲೇ ನಿಲ್ಲುತ್ತದೆ. ಅದು 100 ಡಿಗ್ರಿಗೇ ಕುದಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಬೇಬಿ ಆಯಿಲ್ ಯಾವುದೂ ಇದಕ್ಕೆ ಬದಲಿಯಲ್ಲ.

ಈಗ ಸಾಮಾನುಗಳ ವಿಚಾರ. ಶಿಮಾನೊ ಬ್ರೇಕಿಗೆ ಬೇಕಾದ್ದು ಇಷ್ಟೇ: ಹಿಡಿಯ ಮೇಲೆ ತಿರುಗಿಸಿ ಕೂರಿಸುವ ಬ್ಲೀಡ್ ಆಲಿಕೆ ಮತ್ತು ಅದರ ಬಿರಡೆ, ಒಂದು ಸಿರಿಂಜ್, ಕ್ಯಾಲಿಪರಿನ ನಿಪ್ಪಲ್ಲಿಗೆ (ಎಣ್ಣೆ ಹೋಗಿಬರುವ ಪುಟ್ಟ ತೂಬಿಗೆ) ಬಿಗಿಯಾಗಿ ಕೂರುವ ಪಾರದರ್ಶಕ ಪೈಪು, ಪಿಸ್ಟನ್ನುಗಳ ನಡುವೆ ಇಡುವ ಬ್ಲೀಡ್ ಬ್ಲಾಕ್, 100 ಮಿಲಿ ಎಣ್ಣೆ. ಹಳೆಯ ಕ್ಯಾಲಿಪರಿನ ನಿಪ್ಪಲ್ಲಿಗೆ 7 ಮಿಮೀ ರಿಂಗ್ ಸ್ಪ್ಯಾನರ್ ಬೇಕು. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆಗಳು ಸವೆದು ನಿಪ್ಪಲ್ ಉರುಟಾಗುತ್ತದೆ. ಹೊಸ ಮಾದರಿ ಹಲವಕ್ಕೆ 3 ಮಿಮೀ ಅಲೆನ್ ಕೀ. ಹಣ ಉಳಿಸಬಾರದ ಕಡೆ ಅಲೆನ್ ಕೀ. ಹಿಡಿಯ ಮೇಲಿನ ಪುಟ್ಟ ಬ್ಲೀಡ್ ಸ್ಕ್ರೂವಿಗೆ ಸಾಮಾನ್ಯವಾಗಿ 2.5 ಮಿಮೀ ಬೇಕು. ಅಗ್ಗದ ಕೀ ಒಮ್ಮೆ ಜಾರಿದರೆ ಆ ತೂತು ಗುಂಡಗಾಗಿ ಸ್ಕ್ರೂ ಈಚೆ ಬರುವುದೇ ಇಲ್ಲ. ಸ್ರ್ಯಾಮಿನ ಡಾಟ್ ಬ್ರೇಕುಗಳಿಗೆ ಕ್ಲಿಪ್ ಇರುವ ಎರಡು ಸಿರಿಂಜ್, ನಕ್ಷತ್ರದಾಕಾರದ ತುದಿಯ ಟಿ10 ಟಾರ್ಕ್ಸ್ ಕೀ, ನೈಟ್ರೈಲ್ ಕೈಗವಸು ಬೇಕು. ಅಲ್ಲಿ ಔಷಧಿ ಅಂಗಡಿಯ ಸಿರಿಂಜನ್ನು ನಂಬುವಂತಿಲ್ಲ, ಅದರ ರಬ್ಬರ್ ಬುಡ ಉಬ್ಬಿ ಅಂಟಿಕೊಳ್ಳಬಹುದು. ದ್ರವ ಫ್ರೇಮಿಗೆ ಬಿದ್ದರೆ ಬಣ್ಣವೂ ಏಳುತ್ತದೆ.

ಎರಡು ಬಗೆಗೂ ಸಲ್ಲುವ ಒಂದೇ ಕಿಟ್ ಇಟ್ಟುಕೊಳ್ಳಬೇಡಿ. ಸಿರಿಂಜಿನ ತಳದಲ್ಲಿ ಉಳಿದ ನಾಲ್ಕು ಹನಿಯೇ ಸಾಕು ಹಾಳುಮಾಡಲು.

ಕೆಲಸದಲ್ಲಿ ಎಡವುವುದು ಹೆಚ್ಚಾಗಿ ಮೂರು ಕಡೆ. ಪ್ಯಾಡುಗಳನ್ನು ತೆಗೆಯದೆ ಶುರುಮಾಡುವುದು ಮೊದಲನೆಯದು. ಒಂದು ತೊಟ್ಟು ಎಣ್ಣೆ ಕುಡಿದ ಪ್ಯಾಡ್ ಮತ್ತೆ ಹಿಡಿಯುವುದಿಲ್ಲ. ಚಕ್ರ, ಪ್ಯಾಡ್ ತೆಗೆದು ದೂರವಿಟ್ಟು, ಪಿಸ್ಟನ್ನುಗಳನ್ನು ಪ್ಲಾಸ್ಟಿಕ್ ಟೈರ್ ಲಿವರಿನಿಂದ ಒಳಗೆ ತಳ್ಳಿ ಬ್ಲಾಕ್ ಇಡಿ. ಸ್ಕ್ರೂಡ್ರೈವರ್ ಹಾಕಿದರೆ ಸೆರಾಮಿಕ್ ಪಿಸ್ಟನ್ನಿನ ಅಂಚು ಒಡೆಯುತ್ತದೆ. ಎರಡನೆಯದು ಅವಸರ. ಹಿಡಿಯನ್ನು ನೆಲಕ್ಕೆ ಸಮವಾಗಿ ತಿರುಗಿಸಿ ಆಲಿಕೆ ಕೂರಿಸಿ, ನಿಪ್ಪಲ್ಲನ್ನು ಎಂಟನೇ ಒಂದು ಸುತ್ತು ಸಡಿಲಿಸಿ, ಸಿರಿಂಜಿನ ಎಣ್ಣೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ತಳ್ಳಬೇಕು, ಗಾಳಿ ತಾನಾಗಿ ಮೇಲೇಳುವುದರಿಂದ. ಪೈಪಿನ ಉದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಬನ್ನಿ, ಅಂಟಿದ ಗುಳ್ಳೆಗಳು ಬಿಡುತ್ತವೆ. ಆಲಿಕೆಯಲ್ಲಿ ಗುಳ್ಳೆ ನಿಂತ ಮೇಲೆ ನಿಪ್ಪಲ್ ಮುಚ್ಚಿ, ಹಿಡಿಯನ್ನು ಹತ್ತಾರು ಸಲ ಒತ್ತಿ ಬಿಡಿ. ಹ್ಯಾಂಡಲಿನ ಮೇಲೆ ಹಿಡಿಯನ್ನು ಸ್ವಲ್ಪ ಮೇಲಕ್ಕೂ ಕೆಳಕ್ಕೂ ಓರೆ ಮಾಡಿ ಮತ್ತೆ ಒತ್ತಿ. ಸಾಸಿವೆಯಷ್ಟು ಗುಳ್ಳೆಗಳು ಆಗಲೂ ಒಂದೊಂದಾಗಿ ಬರುತ್ತವೆ. ಮೂರನೆಯದು ಬ್ಲೀಡ್ ಸ್ಕ್ರೂವಿನ ಕುತ್ತಿಗೆಯಲ್ಲಿರುವ ಓ-ರಿಂಗ್ ಎಂಬ ಪುಟ್ಟ ರಬ್ಬರ್ ಬಳೆ. ಅದು ಆಲಿಕೆಗೆ ಅಂಟಿ ಹೋದದ್ದು ಗೊತ್ತಾಗದೆ ಬರೀ ಸ್ಕ್ರೂ ಹಾಕಿದರೆ ಅಲ್ಲಿಂದಲೇ ಜಿನುಗುತ್ತದೆ. ಈ ಸ್ಕ್ರೂವಿಗೆ ಬೆರಳ ತುದಿಯ ಬಿಗಿ ಸಾಕು.

ಕ್ಯಾಲಿಪರ್ ಬೋಲ್ಟುಗಳಿಗೆ ಬಿಗಿಯ ಅಳತೆ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಉತ್ತಮ: ಶಿಮಾನೊ ಹೇಳುವುದು 6ರಿಂದ 8 ನ್ಯೂಟನ್ ಮೀಟರ್. ಪೈಪ್ ಕತ್ತರಿಸುವ ಕಟ್ಟರ್ ಮನೆಗೆ ಬೇಕಿಲ್ಲ, ಸೈಕಲ್ಲಿಗೊಮ್ಮೆ ಮಾಡುವ ಕೆಲಸವನ್ನು ಅಂಗಡಿಯಲ್ಲಿ ಮಾಡಿಸಿ.

ಅದಕ್ಕಿಂತ ದಪ್ಪ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ಮಳೆಗಾಲದ ಕೆಮ್ಮಣ್ಣಿನ ರಾಡಿ ಮರಳು ಕಾಗದದಂತೆ ಉಜ್ಜಿ ರೆಸಿನ್ ಪ್ಯಾಡನ್ನು ಬೇಗ ತಿನ್ನುತ್ತದೆ. ಪ್ಯಾಡಿನ ಘರ್ಷಣೆಯ ಪದರ 0.5 ಮಿಮೀಗೆ, ಶಿಮಾನೊ ಡಿಸ್ಕ್ 1.5 ಮಿಮೀಗೆ ಇಳಿದರೆ ಬದಲಿಸಬೇಕು. ಒದ್ದೆಯಲ್ಲಿ ಬಾಳುವುದು ಮೆಟಲ್ ಪ್ಯಾಡ್. ಆದರೆ ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಕೊರೆದಿದ್ದರೆ ಅದನ್ನು ಹಾಕಬೇಡಿ, ಡಿಸ್ಕ್ ಬೇಗ ಸವೆಯುತ್ತದೆ. ಡಿಸ್ಕ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಶುಭ್ರ ಹತ್ತಿ ಬಟ್ಟೆ ಸಾಕು. ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ಬಟ್ಟೆ ಮುಚ್ಚಿ.

ಸೈಕಲ್ ಅಂಗಡಿಯವರಲ್ಲಿ ಒಂದು ವಿನಂತಿ. ಗಾಡಿ ಮಾರುವಾಗ ಬ್ರೇಕಿನ ಎಣ್ಣೆ ಯಾವುದೆಂದು ರಸೀದಿಯ ಮೇಲೆ ಬರೆದುಕೊಡಿ, ಮಿನರಲ್ ಆಯಿಲಿನ ಚಿಕ್ಕ ಬಾಟಲಿಗಳನ್ನೂ ತರಿಸಿಡಿ. ಬಳಸಿದ ಎಣ್ಣೆಯನ್ನು ಸವಾರರು ಬಚ್ಚಲಿಗೋ ತೋಟದ ಬಸಿಗಾಲುವೆಗೋ ಚೆಲ್ಲದೆ, ಬಾಟಲಿಯಲ್ಲಿ ತುಂಬಿ ಗ್ಯಾರೇಜಿನ ಹಳೆ ಆಯಿಲ್ ಡ್ರಮ್ಮಿಗೆ ಕೊಡಲಿ.

— ಸೈಕಲ್ ಸವಾರ, ಶಿವಮೊಗ್ಗ