ವೀಣಾಳ ಫೋಟೊ ಬಿಳಿ ಮಾಡಿಸಬೇಡಿ

ಬರ್ಮಿಂಗ್‌ಹ್ಯಾಮ್

ಅಮ್ಮನಿಗೂ ಅಪ್ಪಾಜಿಗೂ ನಮಸ್ಕಾರ. ನಾವೆಲ್ಲ ಕ್ಷೇಮ. ಅಪ್ಪಾಜಿಯ ಮಂಡಿನೋವು ಕಡಿಮೆಯಾಗಿದೆಯೆಂದು ವೀಣಾ ತಿಳಿಸಿದಳು, ಸಮಾಧಾನವಾಯಿತು.

ಗಂಡಿನ ಕಡೆಯವರಿಗೆ ಕಳಿಸುವ ಫೋಟೊದಲ್ಲಿ ಸ್ಟುಡಿಯೋದವನು ಅವಳ ಬಣ್ಣ ತಿಳಿ ಮಾಡಿಕೊಡುತ್ತಾನೆ ಅಂತ ಬರೆದಿದ್ದೀಯ. ದಯವಿಟ್ಟು ಬೇಡ ಅಮ್ಮ. ತಪ್ಪು ಇರುವುದು ಅವನ ಬೆಳಕಿನಲ್ಲಿ, ಅವಳ ಮುಖದಲ್ಲಲ್ಲ.

ಇಲ್ಲಿ ಇಂಗ್ಲೆಂಡಿನ ಟಿವಿ ತುಂಬ ಕಪ್ಪು ಜನರೇ ಅಂತೆ, ನಿಜವಾ ಎಂದು ಶಾರದತ್ತೆ ಕೇಳಿದ್ದಾರಲ್ಲ, ಹೌದು, ಜಾಹೀರಾತುಗಳಲ್ಲಿ ಈಗ ಚೆನ್ನಾಗಿಯೇ ಕಾಣುತ್ತಾರೆ. 2020ರ ಕ್ರಿಸ್‌ಮಸ್‌ಗೆ ಸೇನ್ಸ್‌ಬರೀಸ್ ಎಂಬ ದಿನಸಿ ಅಂಗಡಿಯವರು ಒಂದು ಕಪ್ಪು ಕುಟುಂಬದ ಅಪ್ಪ-ಮಗಳು ಫೋನಿನಲ್ಲಿ ಗ್ರೇವಿ ಬಗ್ಗೆ ಮಾತಾಡುವುದನ್ನು ತೋರಿಸಿದರು. ಅಷ್ಟಕ್ಕೇ ಕೆಲವರು ಆ ಅಂಗಡಿಗೆ ಇನ್ನು ಕಾಲಿಡುವುದಿಲ್ಲ ಎಂದು ಕೂಗಾಡಿದರು. ಆಗ ಟೆಸ್ಕೊ, ಆಲ್ಡಿಯಂಥ ಎದುರಾಳಿ ಅಂಗಡಿಗಳೇ ಚಾನೆಲ್ 4ರಲ್ಲಿ ತಮ್ಮ ಜಾಹೀರಾತನ್ನೂ ಅದರ ಬೆನ್ನಿಗೇ ಹಾಕಿಸಿ ಅವರ ಪರ ನಿಂತವು. ಈ ದೇಶದವರ ದೊಡ್ಡತನ ಅದು, ಹೇಳಲೇಬೇಕು.

ಆದರೂ ತಲೆ ಎಣಿಸಿದರೆ ಸಾಲದು. ಟಿವಿಯ ಸದ್ದು ನಿಲ್ಲಿಸಿ ನೋಡಬೇಕು: ಮಾರುವ ವಸ್ತು ಯಾರ ಕೈಲಿದೆ, ಕ್ಯಾಮೆರಾ ಕೊನೆಗೆ ಯಾರ ಮುಖದ ಮೇಲೆ ನಿಲ್ಲುತ್ತದೆ. ಕಪ್ಪು ನಟ ಬಹಳ ಸಲ ಬಿಳಿ ನಾಯಕನ ಪಕ್ಕ ನಗುವ ಗೆಳೆಯ, ಇಲ್ಲವೇ ಕುಣಿಯುವವನು, ಓಡುವವನು. ಹೆಂಗಸರಲ್ಲಂತೂ ತಿಳಿಬಣ್ಣದವರನ್ನೇ ಹುಡುಕುತ್ತಾರೆ. ಅಮೆರಿಕದಲ್ಲಿ 1889ರ ಆಂಟ್ ಜೆಮೈಮಾ, ಪ್ಯಾನ್‌ಕೇಕ್ ಹಿಟ್ಟು ಮಾರಲು ಕಟ್ಟಿದ ಕಪ್ಪು ಅಡುಗೆಯಾಳಿನ ವೇಷ, ಟಿವಿಗೂ ಬಂತು. ಆ ಹೆಸರು ಹೋದದ್ದು 2021ರಲ್ಲಿ.

ಇನ್ನು ಬೆಳಕಿನ ವಿಷಯ. ಬಣ್ಣ ಸರಿ ಬಂದಿದೆಯೇ ಎಂದು ಲ್ಯಾಬಿನವರು ತಾಳೆ ನೋಡುತ್ತಿದ್ದ ಫಿಲಂ ಕಂಪನಿ ಕೊಡಾಕ್‌ನ ‘ಶರ್ಲಿ ಕಾರ್ಡ್’ ಎಂಬ ಮಾದರಿ ಫೋಟೊದಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಹಾಗಾಗಿ ಕಪ್ಪು ಮುಖದಲ್ಲಿ ಕಣ್ಣು, ಹಲ್ಲು ಮಾತ್ರ ಉಳಿಯುತ್ತಿದ್ದವು. ಫಿಲಂ ಸುಧಾರಿಸಿ ಎಂದು ಒತ್ತಾಯಿಸಿದವರು ಚಾಕಲೇಟು, ಮರದ ಸಾಮಾನು ಮಾರುವವರು. ತಮ್ಮ ಸರಕಿನ ಕಂದು ಛಾಯೆ ಸರಿಯಾಗಿ ಬರುತ್ತಿಲ್ಲವೆಂದು. ಮನುಷ್ಯರ ಮುಖಕ್ಕಿಂತ ಮೊದಲು ಮೇಜಿಗೆ ಬೆಲೆ ಬಂತು ಅನ್ನುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ವೀಣಾಳಿಗೆ ಹೀಗೆ ತೆಗೆಸಿ. ಬಿಳಿ ಪರದೆ ಬೇಡ. ಅದರ ಹೊಳಪಿಗೆ ಕ್ಯಾಮೆರಾ ತಾನೇ ಬೆಳಕು ತಗ್ಗಿಸಿ ಮುಖವನ್ನು ಕಪ್ಪಾಗಿಸುತ್ತದೆ. ಮಣ್ಣಿನ ಬಣ್ಣದ್ದೋ ತಿಳಿಹಸಿರೋ ಇರಲಿ. ಎದುರಿನಿಂದ ಫ್ಲ್ಯಾಶ್ ಹೊಡೆಯಬಾರದು. ಬಿಸಿಲು ನೇರ ಬೀಳದ ದೊಡ್ಡ ಕಿಟಕಿಯ ಪಕ್ಕ ಓರೆಯಾಗಿ ಕೂರಿಸಿ, ಇನ್ನೊಂದು ಕಡೆ ಎರಡಡಿ ದೂರದಲ್ಲಿ ಬಿಳಿ ಥರ್ಮಕೋಲ್ ಹಿಡಿಯಿರಿ. ಬೆಳಕಿನ ಅಳತೆ ಕೆನ್ನೆಯ ಮೇಲೆ ತೆಗೆದುಕೊಳ್ಳಲಿ. ಪೌಡರ್ ಹಚ್ಚಿದರೆ ಮುಖ ಬೂದು ಬೂದಾಗುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿದರೆ ಸಾಕು. ಕಪ್ಪು ಚರ್ಮದ ರೂಪು ತಿಳಿಯುವುದು ಮೇಲಿನ ಹೊಳಪಿನಿಂದ, ಒಳ್ಳೆಯ ಜಾಹೀರಾತಿನವರು ದೊಡ್ಡ ಮೆದು ದೀಪ ಇಟ್ಟು ಹಿಡಿಯುವುದೂ ಅದನ್ನೇ. ಬಿಳಿ ನಟರ ಜೊತೆ ನಿಲ್ಲಿಸುವಾಗ ಕಪ್ಪು ನಟರನ್ನು ದೀಪದ ಕಡೆ ಇಡುತ್ತಾರೆ. ಅತ್ತಿಗೆಯೂ ಫೋಟೊದಲ್ಲಿದ್ದರೆ ವೀಣಾ ಕಿಟಕಿಯ ಕಡೆಗಿರಲಿ.

ಮೈಬಣ್ಣಕ್ಕೂ ಮದುವೆಗೂ ಗಂಟು ಹಾಕಿ ತೋರಿಸಬಾರದೆಂದು ನಮ್ಮ ದೇಶದ ಜಾಹೀರಾತು ಮಂಡಳಿಯೇ 2014ರಲ್ಲಿ ನಿಯಮ ಮಾಡಿದೆ, ಅಪ್ಪಾಜಿಗೆ ಓದಿ ಹೇಳು. ಸುಳ್ಳು ಫೋಟೊ ಕಳಿಸಿ, ಅವರು ಬಂದು ನೋಡಿದ ದಿನ ತಲೆ ತಗ್ಗಿಸಬೇಕಾದವಳು ವೀಣಾ. ಈ ಸಂಬಂಧ ತಪ್ಪಿದರೆ ಇನ್ನೊಂದು ಬರುತ್ತದೆ, ಖಂಡಿತ ಬರುತ್ತದೆ, ನಾನಿದ್ದೇನೆ. ಖರ್ಚಿನ ಯೋಚನೆ ಬೇಡವೇ ಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಡ್ಯೂಟಿಗೆ ಹೊತ್ತಾಯಿತು, ಶಾರದತ್ತೆಗೆ ನಮಸ್ಕಾರ ತಿಳಿಸು.

ನಿನ್ನ ಮಗ,
ರಾಘು