ಕೋರಲ್ ಬ್ಯೂಟಿ ಬದಲು ಎಂಪರರ್ ಏಂಜೆಲ್ ಮರಿ ಕಳಿಸಿದ ಬಗ್ಗೆ ದೂರು

ಇಂದ,
ನಿಮ್ಮ ಗ್ರಾಹಕಿ,
ಮಡಿಕೇರಿ, ಕೊಡಗು ಜಿಲ್ಲೆ

ಗೆ,
ವ್ಯವಸ್ಥಾಪಕರು,
ಸಮುದ್ರ ಮೀನು ಮಾರಾಟ ವಿಭಾಗ,
ಬೆಂಗಳೂರು

ವಿಷಯ: ಕೇಳಿದ ಮೀನು ಬಿಟ್ಟು ಬೇರೆ ಮೀನು ಕಳಿಸಿದ್ದು, ತಪ್ಪು ಮಾಹಿತಿ ಕೊಟ್ಟಿದ್ದು ಮತ್ತು ಹಣ ವಾಪಸಾತಿ ಕುರಿತು.

ಮಾನ್ಯರೇ,

ನಾನು ನಿಮ್ಮಲ್ಲಿ ಆರ್ಡರ್ ಮಾಡಿದ್ದು ಒಂದು ಕೋರಲ್ ಬ್ಯೂಟಿ ಏಂಜೆಲ್. ಹಣ ಹಾಕುವ ಮುಂಚೆ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿ, ಸೆಂಟ್ರೋಪೈಗೆ ಬೈಸ್ಪಿನೋಸಾ ಎಂದು ವೈಜ್ಞಾನಿಕ ಹೆಸರನ್ನೂ ಬರೆದು, ಇದೇ ಮೀನು ತಾನೇ ಎಂದು ಕೇಳಿದ್ದೆ. "ಹೌದು ಮೇಡಂ, ಇದೇ" ಎಂದು ನಿಮ್ಮವರು ಉತ್ತರಿಸಿದ ಮೇಲೆಯೇ ಪೂರ್ತಿ ಹಣ ಕಟ್ಟಿದ್ದು. ರಾತ್ರಿ ಬಸ್ಸಿನಲ್ಲಿ ಬಂದ ಪೆಟ್ಟಿಗೆ ಬಿಚ್ಚಿದರೆ ಒಳಗೆ ಕಡುನೀಲಿ ಮೈಯ, ಬಾಲದ ಹತ್ತಿರ ಒಂದರೊಳಗೊಂದು ಬಿಳಿ ವೃತ್ತಗಳಿದ್ದ ಹೆಬ್ಬೆರಳುದ್ದದ ಮೀನು. ಅದು ಎಂಪರರ್ ಏಂಜೆಲ್ ಮರಿ. ಬಿಲ್ಲಿನಲ್ಲಿ ಬರೆದಿದ್ದದ್ದು "ಬ್ಲೂ ಏಂಜೆಲ್, ಸ್ಮಾಲ್, ರೀಫ್ ಸೇಫ್", ಅಂದರೆ ಹವಳಕ್ಕೆ ತೊಂದರೆ ಕೊಡದ ಚಿಕ್ಕ ಮೀನು. ಬಿಲ್ಲು, ಚಾಟ್, ಪೆಟ್ಟಿಗೆ ಬಿಚ್ಚುವಾಗ ತೆಗೆದ ವಿಡಿಯೋ ಎಲ್ಲವನ್ನೂ ಇದರ ಜೊತೆ ಲಗತ್ತಿಸಿದ್ದೇನೆ.

ಫೋನ್ ಮಾಡಿದಾಗ ಬಂದ ಉತ್ತರ ಹೀಗಿತ್ತು: "ನೀವು ಕೇಳಿದ್ದು ಸ್ಟಾಕ್ ಇರಲಿಲ್ಲ ಮೇಡಂ. ಅದಕ್ಕಿಂತ ದುಬಾರಿ ಮೀನನ್ನು ಅದೇ ರೇಟಿಗೆ ಹಾಕಿದ್ದೀವಿ. ನಿಮಗೇ ಲಾಭ. ಮೀನು ಜೀವಂತ ಬಂದಿದೆಯಲ್ಲ, ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು." ಈ ಪತ್ರ ಬರೆಯಲು ಮುಖ್ಯ ಕಾರಣ ಆ ಮಾತು. ಇದು ಯಾಕೆ ಲಾಭವಲ್ಲ ಎಂಬುದನ್ನು ನಿಮ್ಮ ಕೌಂಟರಿನಲ್ಲಿ ಕೂರುವವರಿಗೂ ಅರ್ಥವಾಗುವಂತೆ ಹೇಳಬೇಕೆನಿಸಿದೆ.

ಕೋರಲ್ ಬ್ಯೂಟಿ ಪೂರ್ತಿ ಬೆಳೆದರೂ ಸುಮಾರು 10 ಸೆಂಟಿಮೀಟರ್. ಕಲ್ಲಿನ ಸಂದುಗಳಲ್ಲಿ ನುಸುಳಾಡುತ್ತಾ, ಅಲ್ಲಿ ಬೆಳೆದ ಪಾಚಿಯನ್ನು ದಿನವಿಡೀ ಕುಕ್ಕುತ್ತಾ ಇರುವ ಮೀನು. ಎಂಪರರ್ 40 ಸೆಂಟಿಮೀಟರ್ ತನಕ ಬೆಳೆಯುತ್ತದೆ. ಬೆಳೆಯುತ್ತಾ ಬೆಳೆಯುತ್ತಾ ಈ ಬಿಳಿ ವೃತ್ತಗಳೆಲ್ಲ ಮಾಯವಾಗಿ, ಮೈತುಂಬ ಹಳದಿ ನೀಲಿ ಪಟ್ಟೆ ಬಂದು, ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ ಮೂಡುತ್ತದೆ. ಮರಿಯನ್ನೂ ದೊಡ್ಡದನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ಹೊಸಬರು ನಂಬುವುದಿಲ್ಲ. ಮರಿಯನ್ನು "ಸ್ಮಾಲ್" ಎಂದು ಬರೆದು ಮಾರಲು ಆಗುವುದೂ ಅದಕ್ಕೇ. ಸ್ಮಾಲ್ ಎಂದರೆ ಇಂದಿನ ಅಳತೆಯೋ, ಜೀವಮಾನದ ಅಳತೆಯೋ? ನಿಮ್ಮ ಬಿಲ್ಲಿನಲ್ಲಿ ಅದಕ್ಕೆ ಉತ್ತರವಿಲ್ಲ.

ನನ್ನ ಟ್ಯಾಂಕ್ ನಾಲ್ಕು ಅಡಿ ಉದ್ದದ್ದು, ಸುಮಾರು 240 ಲೀಟರ್. ಆರ್ಡರ್ ಮಾಡುವಾಗ ಅದನ್ನೂ ಹೇಳಿದ್ದೆ. ಎಂಪರರ್ ಸಾಕಲು 800 ಲೀಟರಿಗೂ ದೊಡ್ಡ ಟ್ಯಾಂಕ್ ಬೇಕು. ಅಂಥ ಮೀನನ್ನು ನನ್ನ ಟ್ಯಾಂಕಿನಲ್ಲಿ ಬೆಳೆಸುವುದೆಂದರೆ ಆನೆಮರಿಯನ್ನು ಕರುವಿನ ಕೊಟ್ಟಿಗೆಯಲ್ಲಿ ಕಟ್ಟಿದಂತೆ. ಸಾಯುವವರೆಗೂ ಅದು ಬೆನ್ನು ತಿರುಗಿಸಲೂ ಜಾಗವಿಲ್ಲದೆ ಬದುಕಬೇಕಾಗುತ್ತದೆ.

ಇನ್ನು "ರೀಫ್ ಸೇಫ್" ಎಂಬ ಮಾತು. ಏಂಜೆಲ್ ಮೀನುಗಳಲ್ಲಿ ಹವಳದ ತಂಟೆಗೆ ಹೋಗುವುದಿಲ್ಲ ಎಂದು ಹೆಚ್ಚುಕಮ್ಮಿ ಧೈರ್ಯವಾಗಿ ಹೇಳಬಹುದಾದದ್ದು ಜೆನಿಕಾಂಥಸ್ ಗುಂಪಿನವು ಮಾತ್ರ. ಅವು ನೀರಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಪುಟ್ಟ ಜೀವಿಗಳನ್ನು ಹಿಡಿದು ತಿನ್ನುವಂಥವು. ಕೋರಲ್ ಬ್ಯೂಟಿ, ಫ್ಲೇಮ್ ಏಂಜೆಲ್‌ನಂಥ ಕುಳ್ಳ ಜಾತಿಗಳ ವಿಷಯದಲ್ಲಿ ಒಂದೊಂದು ಮೀನಿನ ಗುಣ ಒಂದೊಂದು ತರಹ; ಒಂದು ಕುಕ್ಕುತ್ತದೆ, ಇನ್ನೊಂದು ಕುಕ್ಕುವುದಿಲ್ಲ. ದೊಡ್ಡ ಏಂಜೆಲ್‌ಗಳು ಸಮುದ್ರದಲ್ಲಿ ಸ್ಪಂಜು ಜೀವಿಗಳನ್ನೂ ಕಲ್ಲಿಗೆ ಅಂಟಿಕೊಂಡಿರುವ ಟ್ಯೂನಿಕೇಟು ಎಂಬ ಚೀಲದಂಥ ಜೀವಿಗಳನ್ನೂ ಕಿತ್ತು ತಿಂದು ಬದುಕುವಂಥವು. ಟ್ಯಾಂಕಿನಲ್ಲಿ ಅವುಗಳ ಬಾಯಿಗೆ ಮೊದಲು ಸಿಗುವುದು ಜೋಯಾಂಥಿಡ್ ಮತ್ತು ದಪ್ಪ ಪಾಲಿಪಿನ ಹವಳಗಳು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇರುವುದರಿಂದ ನಾನು ಅವನ್ನು ಇಟ್ಟಿಲ್ಲ. ನನ್ನಲ್ಲಿರುವುದು ಲೆದರ್, ಮಶ್ರೂಮ್, ಜೋಯಾಂಥಿಡ್ ಎಂಬ ಮೆತ್ತನೆಯ ಹವಳಗಳು ಮಾತ್ರ. ಸಣ್ಣ ಸಣ್ಣ ತುಂಡುಗಳಿಂದ ಕಲ್ಲು ತುಂಬುವಷ್ಟು ಬೆಳೆಸಿದ್ದೇನೆ. ಅವುಗಳ ನಡುವೆ ಎಂಪರರ್ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿರಬೇಕು.

ಏಂಜೆಲ್ ಮೀನನ್ನು ನಾನು ಕೊನೆಗೆ ಇಟ್ಟುಕೊಂಡಿದ್ದು ಕೂಡ ಯೋಚಿಸಿಯೇ. ಅವು ಜಾಗ ಹಿಡಿಯುವ ಸ್ವಭಾವದವು. ಮೊದಲೇ ಬಿಟ್ಟರೆ ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸುತ್ತವೆ. ಅದಲ್ಲದೆ ಹೊಸ ಟ್ಯಾಂಕಿನ ಕಲ್ಲಿನ ಮೇಲೆ ಕುಕ್ಕಿ ತಿನ್ನಲು ಏನೂ ಇರುವುದಿಲ್ಲ. ಕಲ್ಲು ಹಳತಾಗಿ, ಪಾಚಿ ಪದರ ಹಿಡಿದು, ಕ್ಲೌನ್ ಮೀನಿನ ಜೋಡಿಯೂ ಗೋಬಿ ಮೀನೂ ಕ್ಲೀನರ್ ಸೀಗಡಿಯೂ ನೆಲೆಯಾದ ಮೇಲೆ ಒಂದೇ ಒಂದು ಕುಳ್ಳ ಏಂಜೆಲ್ ಎಂದು ಕಾದಿದ್ದೆ. ಸ್ಟಾಕ್ ಇಲ್ಲ ಎಂದಿದ್ದರೆ ಇನ್ನೂ ಕಾಯುತ್ತಿದ್ದೆ. ಆ ಒಂದು ಮಾತು ಹೇಳಲು ನಿಮಗೆ ಖರ್ಚೇನೂ ಇರಲಿಲ್ಲ.

ಪ್ಯಾಕಿಂಗ್ ವಿಷಯಕ್ಕೆ ಬರುತ್ತೇನೆ. ಏಂಜೆಲ್ ಮೀನಿಗೆ ಕಿವಿರು ಮುಚ್ಚಳದ ಬಳಿ, ಕೆನ್ನೆಯ ಮೇಲೆ ಒಂದು ಚೂಪು ಮುಳ್ಳು ಇರುತ್ತದೆ. ಬಟರ್‌ಫ್ಲೈ ಮೀನಿನಿಂದ ಏಂಜೆಲನ್ನು ಬೇರೆ ಮಾಡಿ ಗುರುತಿಸುವುದೇ ಆ ಮುಳ್ಳಿನಿಂದ. ಬಲೆಗೆ ಸಿಕ್ಕಿಕೊಳ್ಳುತ್ತದೆಂದು ಇವನ್ನು ಬಲೆಯಲ್ಲಿ ಹಿಡಿಯುವುದೂ ಇಲ್ಲ, ಲೋಟದಂಥ ಪಾತ್ರೆಯಲ್ಲಿ ನೀರಿನ ಸಮೇತ ಎತ್ತುತ್ತಾರೆ. ಅಂಥ ಮೀನನ್ನು ನೀವು ಹಾಕಿದ್ದು ಒಂದೇ ಒಂದು ತೆಳು ಚೀಲದಲ್ಲಿ. ಚೀಲದ ಕೆಳಮೂಲೆಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಪೆಟ್ಟಿಗೆಯ ತಳವೆಲ್ಲ ಒದ್ದೆ. ಮೀನು ಮಲಗಿಕೊಂಡೇ ಬಂದಿತ್ತು, ಬೆನ್ನಿನ ರೆಕ್ಕೆಯ ತುದಿ ನೀರಿನ ಮೇಲಿತ್ತು. ಎರಡು ಚೀಲ, ನಡುವೆ ಒಂದು ಹಾಳೆ ನ್ಯೂಸ್‌ಪೇಪರ್ ಇದ್ದಿದ್ದರೆ ಸಾಕಿತ್ತು. ಕೊಡಗಿಗೆ ರೈಲಿಲ್ಲ, ವಿಮಾನವಿಲ್ಲ, ಬರುವುದೆಲ್ಲ ಘಾಟಿ ರಸ್ತೆಯ ಮೇಲೆಯೇ. ಕಕ್ಕಡ ತಿಂಗಳ ಮಳೆಯಲ್ಲಿ ದಾರಿಗೆ ಮರ ಬಿದ್ದು ಬಸ್ಸು ನಿಲ್ಲುವುದು ನಮಗೆ ಮಾಮೂಲು. "ಕರ್ನಾಟಕದಾದ್ಯಂತ ಡೆಲಿವರಿ" ಎಂದು ಜಾಹೀರಾತು ಹಾಕುವವರು ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಥರ್ಮಾಕೋಲ್ ಕೂಡ ಇರಲಿಲ್ಲ. ಚೀಲದ ನೀರು 19 ಡಿಗ್ರಿಗೆ ಇಳಿದಿತ್ತು. ಇದು 25ರ ಆಸುಪಾಸಿನಲ್ಲಿ ಇರಬೇಕಾದ ಮೀನು.

ಜೊತೆಗೆ ಒಂದು ಚೀಟಿ ಇಟ್ಟಿದ್ದಿರಿ: "ಚೀಲ ಬಿಚ್ಚಿ ಮೂರು ಗಂಟೆ ಹನಿಹನಿಯಾಗಿ ಟ್ಯಾಂಕಿನ ನೀರು ಬಿಡಿ, ನಂತರ ನೇರವಾಗಿ ಟ್ಯಾಂಕಿಗೆ ಹಾಕಿ." ನನಗೆ ಅತಿ ಹೆಚ್ಚು ನೋವಾದದ್ದು ಈ ಚೀಟಿ ನೋಡಿ. ರಾತ್ರಿಯೆಲ್ಲ ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ ಇಳಿಯುತ್ತದೆ. ಕಿವಿರಿನಿಂದ ಹೊರಬಿದ್ದ ಅಮೋನಿಯ ಆ ಇಳಿದ ಪಿಎಚ್‌ನಲ್ಲಿ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ, ಅಷ್ಟಾಗಿ ಹಾನಿ ಮಾಡುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ವಿಷವಾಗುತ್ತದೆ. ದೂರದ ಊರಿನಿಂದ ಬಂದ ಮೀನನ್ನು ಬಿಚ್ಚಿದ ಚೀಲದ ನೀರಿನಲ್ಲಿ ಮೂರು ಗಂಟೆ ಇಡಿ ಎನ್ನುವುದು ಅದರ ಕಿವಿರು ಸುಡಿ ಎಂದ ಹಾಗೆಯೇ. ಹಾಗಾದರೆ ಬೇಗ ಹಾಕಿಬಿಡೋಣ ಎಂದರೆ ಅದಕ್ಕೂ ದಾರಿ ಇರಲಿಲ್ಲ. ಚೀಲದ ಒಂದು ಹನಿಯನ್ನು ಉಪ್ಪಿನ ಮಟ್ಟ ಅಳೆಯುವ ರಿಫ್ರಾಕ್ಟೋಮೀಟರ್ ಗಾಜಿನ ಮೇಲೆ ಇಟ್ಟು ನೋಡಿದರೆ ಸಾಪೇಕ್ಷ ಸಾಂದ್ರತೆ 1.017 (ಉಪ್ಪು ಹೆಚ್ಚಿದಷ್ಟೂ ಈ ಅಂಕಿ ಏರುತ್ತದೆ). ನನ್ನ ಟ್ಯಾಂಕಿನ ನೀರು 1.025, ಸಮುದ್ರದ್ದೂ ಅಷ್ಟೇ. ಅಷ್ಟು ಕಡಿಮೆ ಉಪ್ಪಿನಿಂದ ಒಮ್ಮೆಲೇ ಇಷ್ಟು ಹೆಚ್ಚು ಉಪ್ಪಿಗೆ ಬಿಟ್ಟರೆ ಮೀನಿನ ಮೈಯ ನೀರು ಹೊರಕ್ಕೆ ಸೆಳೆದುಹೋಗುತ್ತದೆ. ಆ ಏರಿಕೆಯನ್ನು ದಿನಗಟ್ಟಲೆ, ಸ್ವಲ್ಪಸ್ವಲ್ಪವಾಗಿ ಮಾಡಬೇಕು. ಬೇರೆ ಬಕೆಟ್ಟಿನಲ್ಲಿ ಆರ್‌ಓ ನೀರಿಗೆ ಉಪ್ಪು ಕದಡಿ, ಹೀಟರ್ ಇಟ್ಟು, 1.017ಕ್ಕೆ ಸರಿಮಾಡಿ, ಆಮೇಲೆ ಚೀಲ ಬಿಚ್ಚಿ ಅದರಲ್ಲಿ ಬಿಟ್ಟದ್ದರಿಂದ ಮೀನು ಉಳಿಯಿತು. ರಿಫ್ರಾಕ್ಟೋಮೀಟರ್ ಇಲ್ಲದ ಮನೆಯಲ್ಲಿ, ನಿಮ್ಮ ಚೀಟಿಯನ್ನೇ ನಂಬಿದವರ ಮನೆಯಲ್ಲಿ, ಮೀನಿನ ಗತಿ ಏನು?

ನಿಮ್ಮ ಬಿಲ್ಲಿನ ಕೆಳಗೆ "ಕ್ವಾರಂಟೈನ್ ಆಗಿದೆ" ಎಂಬ ಮೊಹರೂ ಇದೆ. ಯಾವ ಔಷಧಿ, ಎಷ್ಟು ದಿನ ಎಂದು ಕೇಳಿದೆ; ಉತ್ತರವಿಲ್ಲ. ಕೆಲವೇ ದಿನಗಳಲ್ಲಿ ಎದೆಯ ರೆಕ್ಕೆಯ ಮೇಲೆ ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆಗಳು ಕಾಣಿಸಿದವು. ಟಾರ್ಚನ್ನು ಪಕ್ಕದಿಂದ ಬಿಟ್ಟರೆ ಸ್ಪಷ್ಟವಾಗಿ ತಿಳಿಯುತ್ತದೆ, ಫೋಟೋದಲ್ಲಿ ನೀವೂ ನೋಡಬಹುದು. ಕ್ರಿಪ್ಟೋಕ್ಯಾರಿಯಾನ್ ಎಂಬ ಈ ಪರಾವಲಂಬಿಯ ಚುಕ್ಕೆ ತಾನಾಗಿಯೇ ಉದುರುತ್ತದೆ, ಉದುರಿತೆಂದರೆ ಗುಣವಾಯಿತೆಂದಲ್ಲ. ಅದು ತಳದಲ್ಲಿ ಗೂಡು ಕಟ್ಟಿ, ಮರಿಗಳಾಗಿ ಮತ್ತೆ ಮೀನಿಗೆ ಹತ್ತುತ್ತದೆ. ಕಡಿಮೆ ಉಪ್ಪಿನಿಂದ ಈ ರೋಗ ವಾಸಿ ಮಾಡುವ ಕ್ರಮ ಇರುವುದು ನಿಜ, ಆದರೆ ಅದಕ್ಕೆ 1.009ಕ್ಕೆ ಇಳಿಸಿ ವಾರಗಟ್ಟಲೆ ಅಲ್ಲಿಯೇ ನಿಲ್ಲಿಸಬೇಕು. 1.017 ಚಿಕಿತ್ಸೆಯಲ್ಲ. ಅದರಿಂದ ಅಂಗಡಿಯ ಉಪ್ಪಿನ ಖರ್ಚು ಇಳಿಯುತ್ತದೆ, ರೋಗ ಹೋಗುವುದಿಲ್ಲ. ಹವಳ, ಸೀಗಡಿ ಇರುವ ಟ್ಯಾಂಕಿಗೆ ತಾಮ್ರದ ಔಷಧಿ ಹಾಕುವ ಹಾಗಿಲ್ಲ. ಹಾಗಾಗಿ ನಿಮ್ಮ ಚೀಟಿಯಂತೆ ನೇರವಾಗಿ ಬಿಟ್ಟಿದ್ದರೆ ಇಡೀ ಟ್ಯಾಂಕಿಗೇ ರೋಗ ಹತ್ತುತ್ತಿತ್ತು.

ಮೀನು ಈಗ ಬೇರೆ ತೊಟ್ಟಿಯಲ್ಲಿದೆ, 1.009ರಲ್ಲಿ. ಕರೆಂಟ್ ಹೋದರೂ ಗಾಳಿ ನಿಲ್ಲದಂತೆ ಬ್ಯಾಟರಿ ಪಂಪ್ ಇಟ್ಟಿದ್ದೇನೆ. ಮೊದಲು ಏನೂ ಮುಟ್ಟುತ್ತಿರಲಿಲ್ಲ. ಈಗ ನೋರಿ ಎಂಬ ಒಣಗಿಸಿದ ಕಡಲಪಾಚಿಯ ಹಾಳೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿದರೆ ಬಂದು ಹರಿದು ತಿನ್ನುತ್ತದೆ, ಮೈಸಿಸ್ ಸೀಗಡಿಯನ್ನೂ ಸ್ಪಂಜು ಬೆರೆಸಿದ ಫ್ರೋಜನ್ ಆಹಾರವನ್ನೂ ಹಿಡಿದಿದೆ. ನಾನು ಹತ್ತಿರ ಹೋದರೆ ಪೈಪಿನ ಹಿಂದಿನಿಂದ ಮುಂದೆ ಬರುತ್ತದೆ. ಈ ಮೀನಿನ ಮೇಲೆ ನನಗೆ ಯಾವ ಬೇಸರವೂ ಇಲ್ಲ. ಇಷ್ಟು ಚೆಂದದ ಜೀವ ಸರಿಯಾದ ಜಾಗದಲ್ಲಿ ಪೂರ್ತಿ ಬೆಳೆಯಬೇಕು ಎಂಬುದೇ ನನ್ನ ಆಸೆ.

ಇದನ್ನು ಎಲ್ಲಿ ಹಿಡಿದದ್ದು ಎಂದೂ ಕೇಳಿದ್ದೆ. "ಇಂಪೋರ್ಟೆಡ್" ಎಂಬುದಷ್ಟೇ ಉತ್ತರ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಶುರುವಾಗಿ ಆಮೇಲೆ ಇಂಡೋನೇಷ್ಯಾಕ್ಕೂ ಹಬ್ಬಿದ ಸಯನೈಡ್ ಮೀನುಗಾರಿಕೆಯ (ವಿಷ ಹಾಕಿ ಮೀನನ್ನು ಮಂಕಾಗಿಸಿ ಹಿಡಿಯುವುದು) ವಿಷಯ ಈ ವ್ಯಾಪಾರದಲ್ಲಿ ಇರುವ ಎಲ್ಲರಿಗೂ ಗೊತ್ತು. ಹಾಗೆ ಹಿಡಿದ ಮೀನು ನೋಡಲು ಚೆನ್ನಾಗಿದ್ದು ಕೆಲವು ವಾರಗಳ ಮೇಲೆ ಸಾಯುವುದುಂಟು, ಹಿಡಿದ ಜಾಗದ ಹವಳವೂ ಸಾಯುತ್ತದೆ. ಆನ್‌ಲೈನ್ ಮಾರಾಟದಲ್ಲಿ ಸರಕು ಯಾವ ದೇಶದ್ದೆಂದು ತಿಳಿಸಬೇಕೆಂದು 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ಹೇಳಿದ ಗುಣಕ್ಕೆ ಹೊಂದದ ಸರಕನ್ನು ವಾಪಸ್ ತೆಗೆದುಕೊಳ್ಳಲು, ಹಣ ಹಿಂದಿರುಗಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂಬುದೂ ಅದರಲ್ಲಿಯೇ ಇದೆ. "ಜೀವಂತ ಬಂತು, ಮುಗೀತು" ಎಂಬ ನಿಮ್ಮ ಷರತ್ತು ಅದಕ್ಕಿಂತ ಮೇಲಲ್ಲ.

ಆದ್ದರಿಂದ ಮೀನಿನ ಬೆಲೆ ಮತ್ತು ಸಾಗಣೆ ವೆಚ್ಚವನ್ನು ಪೂರ್ತಿ ವಾಪಸ್ ಮಾಡಿ. ಚಿಕಿತ್ಸೆ ಮುಗಿದು, ಉಪ್ಪು ಮತ್ತೆ 1.025ಕ್ಕೆ ಏರಿ, ಮಳೆ ಇಳಿಯುವವರೆಗೆ ಮೀನನ್ನು ನಾನೇ ನೋಡಿಕೊಳ್ಳುತ್ತೇನೆ. ಅಷ್ಟರಲ್ಲಿ ಇದಕ್ಕೆ ತಕ್ಕ ದೊಡ್ಡ ಟ್ಯಾಂಕ್ ಇರುವವರನ್ನು ಹುಡುಕಿ, ನಿಮ್ಮ ಖರ್ಚಿನಲ್ಲಿ ನಿಮ್ಮ ಜನ ಬಂದು ಕೊಂಡೊಯ್ಯಬೇಕು. ಮತ್ತೆ ಬಸ್ಸಿನ ಡಿಕ್ಕಿಯಲ್ಲಿ ಕಳಿಸಲು ನಾನು ಒಪ್ಪುವುದಿಲ್ಲ. ಮಂಗಳೂರಿನ ಸಮುದ್ರಕ್ಕೆ ಬಿಟ್ಟುಬಿಡಿ ಎಂದು ನಿಮ್ಮ ಸಿಬ್ಬಂದಿಯೊಬ್ಬರು ಫೋನಿನಲ್ಲಿ ಸಲಹೆ ಕೊಟ್ಟರು. ರೋಗ ಹಿಡಿದ, ಎಲ್ಲಿಯದೆಂದೇ ಗೊತ್ತಿಲ್ಲದ ಮೀನನ್ನು ನಮ್ಮ ಕಡಲಿಗೆ ಬಿಡುವ ಮಾತನ್ನು ದಯವಿಟ್ಟು ಇನ್ಯಾರಿಗೂ ಹೇಳಬೇಡಿ. ಮಾರಾಟ ಪಟ್ಟಿಯಲ್ಲಿ ಪ್ರತಿ ಏಂಜೆಲ್ ಮೀನಿನ ಎದುರು ವೈಜ್ಞಾನಿಕ ಹೆಸರು, ಪೂರ್ತಿ ಬೆಳೆದಾಗಿನ ಉದ್ದ, ಬೇಕಾದ ಟ್ಯಾಂಕಿನ ಗಾತ್ರ, ಅಂಗಡಿ ನೀರಿನ ಉಪ್ಪಿನ ಮಟ್ಟ ಬರೆಯಿರಿ. ಆ ಚೀಟಿಯನ್ನು ಇಂದೇ ನಿಲ್ಲಿಸಿ.

ಈ ಪತ್ರ ತಲುಪಿದ 15 ದಿನಗಳಲ್ಲಿ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಗ್ರಾಹಕರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಮೀನನ್ನು ಕೊಂಡೊಯ್ಯಲು ಬರುವವರು ಎರಡು ದಿನ ಮುಂಚೆ ತಿಳಿಸಲಿ. ಪ್ರಯಾಣದ ಹಿಂದಿನ ದಿನ ಆಹಾರ ನಿಲ್ಲಿಸಬೇಕಾಗುತ್ತದೆ.

ಇಂತಿ,
ನಿಮ್ಮ ಗ್ರಾಹಕಿ,
ಮಡಿಕೇರಿ

ಲಗತ್ತು: ಬಿಲ್ಲಿನ ಪ್ರತಿ, ವಾಟ್ಸ್ಆ್ಯಪ್ ಸಂಭಾಷಣೆ, ಪೆಟ್ಟಿಗೆ ಬಿಚ್ಚಿದ ವಿಡಿಯೋ, ತೂತಾದ ಚೀಲದ ಮತ್ತು ಮೀನಿನ ಫೋಟೋಗಳು, ನಿಮ್ಮ ಚೀಟಿ.