ಸಂಡೂರಿನ ಚಿತ್ರಗಳ ಕುರಿತು ಸದಸ್ಯರಿಗೆ ಸೂಚನೆ

ಬಳ್ಳಾರಿ ಗುಂಪಿನ ಸದಸ್ಯರ ಗಮನಕ್ಕೆ: ನಿನ್ನೆ ಹಂಚಿಕೊಂಡ ಸಂಡೂರು ಬೆಟ್ಟಗಳ ಹೈಪರ್‌ಸ್ಪೆಕ್ಟ್ರಲ್ ಚಿತ್ರದಲ್ಲಿನ ಕೆಂಪು ಭಾಗವೆಲ್ಲ ಕಬ್ಬಿಣದ ಅದಿರೇ ಎಂದು ಹಲವರು ಭಾವಿಸಿದಂತಿದೆ, ಆದರೆ ಆ ಬಣ್ಣ ಗುರುತಿಗಾಗಿ ನಾವು ತುಂಬಿದ್ದೇ ಹೊರತು ನೆಲದ್ದಲ್ಲ. ಇಂಥ ಚಿತ್ರಗಳಿಗಾಗಿ 2000ರಲ್ಲಿ ಅಮೆರಿಕದ ಇಒ-1 ಉಪಗ್ರಹದೊಂದಿಗೆ ಹಾರಿದ ಹೈಪೀರಿಯನ್ ಉಪಕರಣವು 30 ಮೀಟರ್ ಚೌಕದ ಪ್ರತಿ ತುಂಡು ನೆಲದಿಂದ ಮರಳುವ ಬೆಳಕನ್ನು ಇನ್ನೂರಕ್ಕೂ ಹೆಚ್ಚು ಕಿರುಪಟ್ಟಿಗಳಾಗಿ ಬಿಡಿಸಿ ಅಳೆಯುತ್ತಿತ್ತು. ಈ ಅಳತೆಗಳನ್ನು ರೇಖೆಯಾಗಿ ಎಳೆದರೆ, ಹೆಮಟೈಟ್ (ಕಬ್ಬಿಣದ ಅದಿರಿನ ಖನಿಜ) ಇರುವಲ್ಲಿ ಸುಮಾರು 860 ನ್ಯಾನೋಮೀಟರ್ ತರಂಗಾಂತರದ ಬಳಿ ಆ ರೇಖೆ ತಗ್ಗುತ್ತದೆ. ಆದರೆ ಅದಿರಿನ ಲಾರಿಗಳು ಓಡಾಡುವ ರಸ್ತೆಬದಿಯ ಬೇವಿನೆಲೆಗಳ ಮೇಲೆ ದಪ್ಪನಾಗಿ ಕುಳಿತ ಕೆಂದೂಳೂ (ಬೆರಳಿನಿಂದ ಒರೆಸಿದರಷ್ಟೇ ಅಡಿಯ ಹಸಿರು ಕಾಣುತ್ತದೆ) ಅದೇ ತಗ್ಗನ್ನು ತೋರಬಲ್ಲದು. ಆದ್ದರಿಂದ ಮಳೆ ತೊಳೆದ ನಂತರದ, ಮೋಡವಿಲ್ಲದ ದಿನದ ಚಿತ್ರವನ್ನು ಬೇಸಿಗೆಯದರೊಂದಿಗೆ ಹೋಲಿಸಿ ನೋಡಿದ ಬಳಿಕವೇ ಅದಿರಿನ ನಕ್ಷೆಗಳನ್ನು ಇಲ್ಲಿ ಹಾಕಬೇಕೆಂದು ಕಳಕಳಿಯಿಂದ ಕೋರುತ್ತೇನೆ.